ತಲೆ ಮೇಲೆ ದೋಣಿ, ಹಿಂದಿನ ಸೀಟು ಖಾಲಿ

ಯೋಗರಾಜನ ಡಬಲ್ ಕ್ಯಾಬಿನ್ ಪಿಕಪ್ಪಿನಲ್ಲಿ ಎರಡು ಸಾಲು ಸೀಟುಗಳಿದ್ದವು. ಮುಂದಿನ ಸಾಲಿನಲ್ಲಿ ಅವನು ಕೂರುತ್ತಿದ್ದ. ಹಿಂದಿನ ಸಾಲಿನಲ್ಲಿ ಪ್ಲಾಸ್ಟಿಕ್ ಕವರು ಕೂತಿತ್ತು.

ಶೋರೂಮಿನಲ್ಲಿ ಗಾಡಿ ಕೊಡುವಾಗ ಹೊದಿಸಿದ್ದ ಕವರು ಅದು. ಮುಂದಿನ ಸೀಟಿನದ್ದು ಮೊದಲ ವಾರವೇ ಹರಿದುಹೋಗಿತ್ತು. ಹಿಂದಿನದು ಆರು ವರ್ಷವಾದರೂ ಹಾಗೇ ಇತ್ತು. ಗುಂಡಿ ಸಿಕ್ಕಿದಾಗೆಲ್ಲ ಹಿಂದಿನಿಂದ ಚರಪರ ಎಂದು ಸದ್ದು ಮಾಡುತ್ತಿತ್ತು. ಶಿವಮೊಗ್ಗದ ರಸ್ತೆಗಳಲ್ಲಿ ಗುಂಡಿಗೇನೂ ಬರವಿಲ್ಲವಾದ್ದರಿಂದ ಯೋಗರಾಜನಿಗೆ ಹಿಂದೆ ಯಾರೋ ಕೂತು ಕಡಲೆಕಾಯಿ ಸುಲಿಯುತ್ತಿದ್ದಾರೆ ಎಂಬ ಭ್ರಮೆ ದಿನವಿಡೀ ಇರುತ್ತಿತ್ತು. ತಿರುಗಿ ನೋಡಿದರೆ ಯಾರೂ ಇಲ್ಲ. ಅದು ಗೊತ್ತಿದ್ದೂ ಒಮ್ಮೊಮ್ಮೆ ತಿರುಗಿ ನೋಡುತ್ತಿದ್ದ.

ಗಾಡಿ ಕೊಳ್ಳುವಾಗ ಲಗೇಜ್ ಸ್ಟ್ಯಾಂಡಿನ ಡ್ರೈವರುಗಳೆಲ್ಲ ಬುದ್ಧಿ ಹೇಳಿದ್ದರು. "ಸಿಂಗಲ್ ಕ್ಯಾಬಿನ್ ತಗೊಳೋ ಮಾರಾಯ. ಬಾಡಿ ಉದ್ದ ಇದ್ರೆ ಬಾಡಿಗೇನೂ ಉದ್ದ ಬರುತ್ತೆ. ಡಬಲ್ ತಗೊಂಡು ಹಿಂದೆ ಯಾರನ್ನ ಕೂರಿಸ್ತೀಯ?"

ಯಾರನ್ನ ಎಂಬುದು ಅವನ ಅವ್ವನಿಗೆ ಗೊತ್ತಿತ್ತು. ಅಪ್ಪ ಮರದ ಡಿಪೋದಲ್ಲಿ ದಿಮ್ಮಿ ಹೊತ್ತು ಹೊತ್ತು ಬೇಗ ತೀರಿಕೊಂಡ ಮೇಲೆ, ನಾಲ್ಕು ಮನೆಯ ಪಾತ್ರೆ ತಿಕ್ಕಿ ಮಗನನ್ನು ಲೈಸೆನ್ಸಿನವರೆಗೆ ತಂದವಳು ಅವಳು. "ಡಬಲ್ಲೇ ತಗೋ. ನಾಳೆ ಸೊಸೆ ಬರ್ತಾಳೆ, ಮಕ್ಕಳಾಗ್ತಾವೆ. ಅವರನ್ನೇನು ಸಿಮೆಂಟ್ ಮೂಟೆ ಥರ ಹಿಂದೆ ಹಾಕ್ಕೊಂಡು ಹೋಗ್ತೀಯಾ?" ಎಂದಳು. ಹೊಸ ಗಾಡಿಯ ಹಿಂದಿನ ಸೀಟಿನಲ್ಲಿ ಕೋಟೆ ಆಂಜನೇಯನ ಗುಡಿಯವರೆಗೆ ಒಂದೇ ಒಂದು ಸಲ ಕೂತಳು. ಪೂಜೆಯಾದ ಮೇಲೆ ಸೀಟಿನ ಬೆನ್ನಿಗೆ, ಕವರಿನ ಮೇಲೆಯೇ, ಕುಂಕುಮದ ಬೊಟ್ಟಿಟ್ಟು, "ಸೊಸೆ ಬರೋವರೆಗೂ ಇದನ್ನ ತೆಗೀಬೇಡ. ಧೂಳು ಕೂರುತ್ತೆ" ಎಂದು ಅಪ್ಪಣೆ ಮಾಡಿದಳು. ಮರುವರ್ಷದ ಮಳೆಗಾಲದಲ್ಲಿ ಅವ್ವ ಹೋದಳು. ಅಪ್ಪಣೆ ಉಳಿಯಿತು.

ಹಾಗಾಗಿ ಲೋಡಿಂಗ್ ಹುಡುಗರಿಗೆ ಯೋಗರಾಜನ ಗಾಡಿಯಲ್ಲಿ ಒಳಗೆ ಜಾಗವಿರಲಿಲ್ಲ. ಮಳೆಯಿರಲಿ, ಬಿಸಿಲಿರಲಿ, ಸಾಮಾನಿನ ಮೇಲೆಯೇ ಕೂರಬೇಕು. "ಒಳಗೆ ಗಾಳಿನ ಕೂರಿಸ್ಕೊಂಡು ಹೋಗ್ತಾನೆ ನಮ್ಮಣ್ಣ. ಗಾಳಿಗೆ ನೆಗಡಿ ಆಗಬಾರ್ದಲ್ಲ!" ಎಂದು ಅವರು ನಗುತ್ತಿದ್ದರು. ಯೋಗರಾಜನೂ ನಗುತ್ತಿದ್ದ. ನಗದಿದ್ದರೆ ಕಾರಣ ಹೇಳಬೇಕಾಗುತ್ತಿತ್ತು.

ಹೆಣ್ಣು ನೋಡುವುದೇನೂ ಅವನಿಗೆ ಹೊಸದಲ್ಲ. ಆಯನೂರು, ಹೊಳೆಹೊನ್ನೂರು, ತರೀಕೆರೆ ಹೀಗೆ ಸುತ್ತಲಿನ ಊರುಗಳ ಉಪ್ಪಿಟ್ಟಿಗೂ ಉಪ್ಪಿಟ್ಟಿಗೂ ಇರುವ ವ್ಯತ್ಯಾಸವನ್ನು ಕಣ್ಣು ಮುಚ್ಚಿ ಹೇಳಬಲ್ಲವನಾಗಿದ್ದ. ಉಪ್ಪಿಟ್ಟು ಬದಲಾಗುತ್ತಿತ್ತು, ಉತ್ತರ ಬದಲಾಗುತ್ತಿರಲಿಲ್ಲ. "ಹೇಳಿ ಕಳಿಸ್ತೀವಿ." ಯಾರೂ ಬೇಡ ಎನ್ನುತ್ತಿರಲಿಲ್ಲ, ನಮ್ಮ ಕಡೆಯ ಜನ ಅಷ್ಟು ಒರಟರಲ್ಲ. ಹೇಳಿ ಕಳಿಸುತ್ತೇವೆ ಎನ್ನುವರು, ಹೇಳರು, ಕಳಿಸರು. ಮೊದಮೊದಲು ಯೋಗರಾಜ ಕಾಯುತ್ತಿದ್ದ. ಸ್ಟ್ಯಾಂಡಿನ ಪಕ್ಕದ ಫೋನ್ ಬೂತಿನಲ್ಲಿ ಡ್ರೈವರುಗಳಿಗೆ ಬರುವ ಫೋನನ್ನೆಲ್ಲ ಎತ್ತಿಕೊಳ್ಳುವ ದುರ್ಗಮ್ಮನ ಮುಂದೆ ಸುಳಿದಾಡಿ, "ನಂಗೇನಾದ್ರೂ ಬಂದಿತ್ತಾ ಅಕ್ಕ?" ಎನ್ನುತ್ತಿದ್ದ. ಆಮೇಲೆ ಕೇಳುವುದನ್ನು ಬಿಟ್ಟ. ಕಾಯುವುದನ್ನು ಬಿಟ್ಟಿರಲಿಲ್ಲ.

ಅವ್ವ ಹೋದ ಹೊಸದರಲ್ಲಿ "ಮನೇಲಿ ಯಾರೂ ಇಲ್ವಂತೆ, ಅತ್ತೆ ಕಾಟ ಇಲ್ಲ" ಎಂದು ಹೊಗಳಿಸಿಕೊಳ್ಳುತ್ತಿದ್ದವನು, ನಲವತ್ತು ದಾಟಿದ ಮೇಲೆ "ಮನೇಲಿ ಯಾರೂ ಇಲ್ವಂತೆ!" ಎಂದು ರಾಗ ಎಳೆಸಿಕೊಳ್ಳತೊಡಗಿದ. ಮಾತು ಅದೇ, ರಾಗ ಬೇರೆ.

ಅಂಥದ್ದರಲ್ಲಿ ಭದ್ರಾವತಿಯ ಒಂದು ಸಂಬಂಧ ಬಂತು. ಹುಡುಗಿಯ ಹೆಸರು ಹೇಮಶ್ರೀ, ಬಟ್ಟೆ ಅಂಗಡಿಯಲ್ಲಿ ಸೀರೆ ತೋರಿಸುವ ಕೆಲಸ. ವಯಸ್ಸು ಮೂವತ್ತೈದರ ಆಚೆ. ತಂದೆತಾಯಿ ಇಲ್ಲ, ಚಿಕ್ಕಪ್ಪ ಚಿಕ್ಕಮ್ಮನ ಮನೆಯಲ್ಲಿದ್ದಾಳೆ. ಬ್ರೋಕರು, "ನಿಮ್ಮ ಪೈಕೀನೇ. ಇದೊಂದು ಆಗ್ಲಿಲ್ಲ ಅಂದ್ರೆ ಇನ್ನು ನನ್ನ ಕರೀಬೇಡ ಮಾರಾಯ, ನಂಗೂ ವಯಸ್ಸಾಯ್ತು" ಎಂದು ಕೈ ಮುಗಿದಿದ್ದ. ಭಾನುವಾರ, ಹನ್ನೆರಡರ ಒಳಗೆ ಬರಬೇಕು, ಆಮೇಲೆ ಯಮಗಂಡ ಕಾಲ ಎಂದು ಹುಡುಗಿಯ ಕಡೆಯವರು ಹೇಳಿ ಕಳಿಸಿದ್ದರು. ಕರೆಯುವಾಗ ಮಾತ್ರ ಎಲ್ಲರೂ ಸರಿಯಾಗಿಯೇ ಹೇಳಿ ಕಳಿಸುತ್ತಾರೆ.

ಅದೇ ಭಾನುವಾರಕ್ಕೆ ಭದ್ರಾವತಿಗೇ ಒಂದು ಬಾಡಿಗೆಯೂ ಬಂತು. ಗೋಪಾಳದ ಉಜ್ಜನಪ್ಪನವರು ಒಂದು ದೋಣಿ ಸಾಗಿಸಬೇಕಿತ್ತು. ಒಂದೇ ಡೀಸೆಲ್ಲಿನಲ್ಲಿ ಎರಡು ಕೆಲಸ ಎಂದು ಯೋಗರಾಜ ಒಪ್ಪಿಕೊಂಡ. ಮೊದಲು ದೋಣಿ ಇಳಿಸುವುದು, ಹೊಳೆಯಲ್ಲೇ ಮುಖ ತೊಳೆದು ಶರ್ಟು ಬದಲಾಯಿಸುವುದು, ಆಮೇಲೆ ಹೆಣ್ಣು. ಲೆಕ್ಕ ಚೆನ್ನಾಗಿಯೇ ಇತ್ತು.

ಉಜ್ಜನಪ್ಪನವರಿಗೆ ಅರವತ್ತೈದರ ಆಸುಪಾಸು, ಹಣೆ ತುಂಬ ವಿಭೂತಿ. ಸಕ್ರೆಬೈಲಿನ ಈಚೆಗೆ, ತುಂಗಾ ಹೊಳೆಯ ಆಚೆ ದಡದಲ್ಲಿ ಅವರಿಗೆ ಗದ್ದೆಯಿತ್ತಂತೆ. ಸೇತುವೆ ಇಲ್ಲದ ಕಾಲದಲ್ಲಿ ದಾಟಲು ಅವರ ತಂದೆ ಮಾಡಿಸಿದ ಪುಟ್ಟ ಮರದ ದೋಣಿ ಅದು. ಮೂರು ಜನ ಕೂರಬಹುದು. ಗದ್ದೆ ಮಾರಿದರು, ದೋಣಿ ಮಾರಲು ಮನಸ್ಸಾಗದೆ ಗೋಪಾಳದ ಮನೆಯ ಪೋರ್ಟಿಕೋದಲ್ಲಿ ಇಟ್ಟುಕೊಂಡರು. ಹೆಂಡತಿ ಇರುವಷ್ಟು ದಿನ ಅದರ ಬೆನ್ನ ಮೇಲೆ ಸಂಡಿಗೆ ಒಣಗುತ್ತಿತ್ತು. ಆಕೆ ಹೋಗಿ ನಾಲ್ಕು ವರ್ಷ. ಮಕ್ಕಳಿಲ್ಲ. ಮನೆ ಬಾಡಿಗೆಗೆ ಕೊಟ್ಟು ಉಜ್ಜನಪ್ಪನವರು ಪಕ್ಕದ ಒಂದು ರೂಮಿನಲ್ಲಿದ್ದರು. ಈಗ ಬಾಡಿಗೆಯವರು ಕಾರು ಕೊಂಡಿದ್ದರು, ಪೋರ್ಟಿಕೋ ಬೇಕು ಎಂದಿದ್ದರು. ಆ ಕಾಲದಲ್ಲಿ ದೋಣಿಗೆ ಹುಟ್ಟು ಹಾಕುತ್ತಿದ್ದ ಆಳು ರಾಮಚಂದ್ರಪ್ಪ ಈಗ ಭದ್ರಾವತಿಯಲ್ಲಿ ಹೊಳೆಯ ದಂಡೆಗೇ ಮನೆ ಮಾಡಿಕೊಂಡಿದ್ದಾನೆಂದು ತಿಳಿದು, ದೋಣಿಯನ್ನು ಅವನಿಗೇ ಒಪ್ಪಿಸಲು ಹೊರಟಿದ್ದರು.

ಬೆಳಿಗ್ಗೆ ಯೋಗರಾಜ ಹೋದಾಗ ಮೊದಲ ತೊಡಕು ಕಾದಿತ್ತು. ಡಬಲ್ ಕ್ಯಾಬಿನ್ನಿನ ಬಾಡಿ ಗಿಡ್ಡ, ದೋಣಿ ಉದ್ದ. ಸಿಂಗಲ್ ತಗೋ ಎಂದವರ ಮಾತು ಆರು ವರ್ಷದ ಮೇಲೆ ಫಲಿಸಿತು. ಕೊನೆಗೆ ಕ್ಯಾಬಿನ್ ಮೇಲಿನ ಕ್ಯಾರಿಯರಿಗೆ ಗೋಣಿಚೀಲ ಹಾಸಿ, ಬೀದಿಯವರ ಕೈಲಿ ಎತ್ತಿಸಿ, ದೋಣಿಯನ್ನು ಮಗುಚಿ ಹಾಕಿ, ಮುಂದಿನ ಬಂಪರಿಗೂ ಹಿಂದಿನ ಕೊಕ್ಕೆಗೂ ಹಗ್ಗ ಬಿಗಿದರು. ದೋಣಿಯ ಮೂತಿ ಗಾಜಿನ ಮೇಲೆ ಚಾಚಿಕೊಂಡು ಗಾಡಿಗೆ ಟೋಪಿ ಹಾಕಿದಂತಾಯಿತು. ಹೆಣ್ಣು ನೋಡಲು ಟೋಪಿ ಹಾಕಿಕೊಂಡು ಹೋಗಬಹುದು, ಹಾಕಲು ಹೋಗಬಾರದು ಎಂದು ಯೋಗರಾಜ ಮನಸ್ಸಿನಲ್ಲೇ ಹೇಳಿಕೊಂಡ. ಉಜ್ಜನಪ್ಪನವರು ಊದಿನಕಡ್ಡಿ ಹಚ್ಚಿ, ಕಾಯಿ ಒಡೆದು, ಮೂತಿಗೆ ಚೆಂಡುಹೂವಿನ ಹಾರ ಹಾಕಿದರು. ಹೆಂಡತಿ ಸಂಡಿಗೆ ಇಡುತ್ತಿದ್ದ ಜಾಗವನ್ನು ಕೈಯಿಂದ ಸವರಿದರು. ಬಾಡಿಗೆಯವನು ಕಾರಿನ ಕೀ ಕುಣಿಸುತ್ತ ನಿಂತಿದ್ದ.

ಇಷ್ಟಾಗುವಾಗ ಹತ್ತೂವರೆ. ಇನ್ನು ಮೊದಲು ಹೆಣ್ಣು, ಆಮೇಲೆ ದೋಣಿ.

ಎರಡನೆಯ ತೊಡಕು ದೊಡ್ಡದು. ಹಿರಿಯರಾಗಿ ಜೊತೆಗೆ ಬರುತ್ತೇನೆಂದಿದ್ದ ಪಕ್ಕದ ಮನೆಯ ಗಂಗಾಧರಪ್ಪ, "ಕಾಲು ಊದಿದೆ ಕಣೋ. ಊದದೇ ಇದ್ರೂ ನಿನ್ನ ಜೊತೆ ಬಂದು ಉಪ್ಪಿಟ್ಟು ತಿಂದು ತಿಂದು ಸಾಕಾಗಿದೆ" ಎಂದು ಬೆಳಿಗ್ಗೆಯೇ ಕೈ ಎತ್ತಿದ್ದ. ಹಿರಿಯರಿಲ್ಲದೆ ಒಬ್ಬನೇ ಹೆಣ್ಣು ನೋಡಲು ಹೋದರೆ ಅವನು ಗಂಡಲ್ಲ, ಇನ್ಶೂರೆನ್ಸ್ ಏಜೆಂಟು ಎಂದುಕೊಳ್ಳುತ್ತಾರೆ.

ತುಂಗಾ ಸೇತುವೆ ಮೇಲೆ ಬಂದಾಗ ಉಜ್ಜನಪ್ಪನವರು ಕಿಟಕಿಯಿಂದ ಕೆಳಗೆ ನೋಡುತ್ತ, "ಇಷ್ಟು ವರ್ಷ ಈ ನೀರಿನ ಮೇಲೆ ಓಡಾಡ್ತು. ಇವತ್ತು ನೀರಿಗೆ ಮುಖ ತೋರಿಸದೆ ಮೇಲಿಂದ ಹೋಗ್ತಿದೆ ನೋಡು" ಎಂದರು. ಯೋಗರಾಜ ಗಂಟಲು ಸರಿಮಾಡಿಕೊಂಡು ಕೇಳಿಯೇಬಿಟ್ಟ. "ಸಾರ್, ಒಂದು ಉಪಕಾರ ಆಗಬೇಕಿತ್ತು. ಒಂದರ್ಧ ಗಂಟೆ ನಂಗೆ ಸೋದರಮಾವ ಆಗ್ತೀರಾ?"

ಉಜ್ಜನಪ್ಪನವರು ಅವನ ಮುಖವನ್ನೇ ನೋಡಿದರು. ವಿಷಯವೆಲ್ಲ ಕೇಳಿ, ಕನ್ನಡಿ ತಮ್ಮ ಕಡೆ ತಿರುಗಿಸಿಕೊಂಡು ವಿಭೂತಿ ಸರಿಮಾಡಿಕೊಂಡರು. "ನಾನು ಯಾರ ಮನೆಗೂ ಹಿರಿಯ ಅಂತ ಹೋಗಿ ಎಷ್ಟು ಕಾಲ ಆಯ್ತೋ! ನಡಿ. ತುಂಗೆ ಭದ್ರೆಯಂಥ ಹೊಳೆಗಳೇ ಕೂಡ್ಲೀಲಿ ಕೂಡ್ತಾವೆ, ನಿಂದೇನು ಮಹಾ! ಏನೇನು ಹೇಳ್ಬೇಕು ಹೇಳ್ಕೊಡು."

"ಏನೂ ಕಟ್ಟಬೇಡಿ ಸಾರ್. ಸೋದರಮಾವ ಅನ್ನೋದೊಂದು ಬಿಟ್ಟು ಉಳಿದದ್ದೆಲ್ಲ ನಿಜಾನೇ ಹೇಳಿ. ಸುಳ್ಳು ಹೇಳಿದ್ರೆ ಆಮೇಲೆ ನೆನಪಿಟ್ಟುಕೊಳ್ಳೋದು ಕಷ್ಟ."

"ಮತ್ತೆ ನೀನು ಸಾರ್ ಅನ್ಬೇಡ. ಮಾವ ಅನ್ನು."

"ಆಯ್ತು ಸಾರ್."

ಮಾಚೇನಹಳ್ಳಿಯಲ್ಲಿ ಹಗ್ಗ ಬಿಗಿ ಮಾಡಲು ನಿಲ್ಲಿಸಿದಾಗ ಟೀ ಅಂಗಡಿಯವರೆಲ್ಲ ಎದ್ದು ನಿಂತರು. "ಏನ್ರೀ, ಡ್ಯಾಮ್ ಗೇಟ್ ತೆಗೀತಾರಂತಾ?" ಎಂದೊಬ್ಬ ಕೇಳಿದ. ಇನ್ನೊಬ್ಬ ಹಾರ ನೋಡಿ, "ಮದ್ವೆ ಗಾಡಿ ಕಣೋ ಇದು. ಗಂಡು ಮುಳುಗೋಕೆ ಹೊರಟಿದಾನೆ" ಎಂದ. ಉಜ್ಜನಪ್ಪನವರು ಕಿಟಕಿಯಿಂದ ತಲೆ ಹೊರಗೆ ಹಾಕಿ, "ಹೌದಪ್ಪ, ನಮ್ಮ ಹುಡುಗಂದೇ!" ಎಂದು ಕೂಗಿದರು. ನಲವತ್ತೊಂದು ವರ್ಷದ ಹುಡುಗ ಸ್ಟೀರಿಂಗ್ ಹಿಡಿದುಕೊಂಡು ಕೆಂಪಾದ. ಯಾರಾದರೂ ಅವನನ್ನು ನಮ್ಮ ಹುಡುಗ ಎಂದು ಬಹಳ ಕಾಲವಾಗಿತ್ತು.

ಹೇಮಶ್ರೀಯ ಮನೆ ಭದ್ರಾವತಿಯ ಹಳೇನಗರದ ಒಂದು ಓಣಿಯಲ್ಲಿ. ಗಾಡಿ ನುಗ್ಗಿದಾಗ ಮನೆಗಳ ಸಾಲಿಗೆ ಸಾಲೇ ಬಾಗಿಲಿಗೆ ಬಂತು. ಚಿಕ್ಕಪ್ಪ ಚೌಡಯ್ಯ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನು. ಕಣ್ಣಳತೆಯಲ್ಲೇ ಬೋಲ್ಟ್ ಸೈಜು ಹೇಳುವ ಮನುಷ್ಯ. ಮೊದಲು ದೋಣಿ ಅಳೆದ, ಆಮೇಲೆ ಗಂಡನ್ನು ಅಳೆದ.

"ಬನ್ನಿ, ಬನ್ನಿ. ಇವರು?"

"ನಮ್ಮ ಸಾ... ಸೋದರಮಾವ" ಎಂದ ಯೋಗರಾಜ.

"ಮೇಲಿರೋದು?"

"ದೋಣಿ" ಎಂದರು ಉಜ್ಜನಪ್ಪನವರು.

"ದೋಣಿ ಅಂತ ಕಾಣುತ್ತೆ ಸ್ವಾಮಿ. ಯಾರದು?"

ನಿಜವನ್ನೇ ಹೇಳಬೇಕು ಎಂಬ ಮಾತು ಉಜ್ಜನಪ್ಪನವರ ನೆನಪಿನಲ್ಲಿತ್ತು. "ನಮ್ದೇ!" ಎಂದರು ಹೆಮ್ಮೆಯಿಂದ.

ಚಿಕ್ಕಮ್ಮ ಕರಿಬಸಮ್ಮ ನೀರು ಕೊಡುತ್ತಿದ್ದವಳು ತಂಬಿಗೆ ಹಿಡಿದು ಹಾಗೇ ನಿಂತಳು. "ನಿಮ್ದೇ ಅಂದ್ರೆ, ಮೊದ್ಲಿಂದಾನೂ?"

"ನಮ್ಮಪ್ಪನ ಕಾಲದಿಂದ ಕಣಮ್ಮ. ನಾನು ಸೈಕಲ್ಲಿಗಿಂತ ಮೊದ್ಲು ದೋಣಿ ಕಲಿತೋನು."

"ಮೀನು...?"

"ಛೆ ಛೆ, ನಾನು ಮುಟ್ಟಲ್ಲ. ರಾಮಚಂದ್ರ ಹಿಡೀತಿದ್ದ."

"ರಾಮಚಂದ್ರ ಅಂದ್ರೆ?"

"ನಮ್ಮನೆಯೋನೇ ಅನ್ನಿ. ಒಟ್ಟಿಗೇ ಬೆಳೆದೋರು. ಇಲ್ಲಿಂದ ಸೀದಾ ಅವನ ಹತ್ರಾನೇ ಹೋಗ್ತೀವಿ."

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯೋಗರಾಜನಿಗೆ ವಿಷಯ ಹೊಳೆಯಿತು. ಇಂಥ ಮನೆಗಳಲ್ಲಿ ಯಾರೂ ನೀವು ಯಾವ ಜನ ಎಂದು ಬಾಯಿ ಬಿಟ್ಟು ಕೇಳುವುದಿಲ್ಲ. ಸುತ್ತ ತಿರುಗುತ್ತಾರೆ, ಸಿಕ್ಕಿದ್ದನ್ನು ಕೂಡಿಸುತ್ತಾರೆ. ಬ್ರೋಕರು ಹೇಳಿದ್ದು ನಮ್ಮ ಪೈಕಿ ಎಂದು. ಹಣೆಯ ವಿಭೂತಿ ಹೇಳುತ್ತಿದ್ದದ್ದು ಬೇರೊಂದು. ಗಾಡಿಯ ಮೇಲಿನ ದೋಣಿ ಹೇಳುತ್ತಿದ್ದದ್ದು ಮತ್ತೊಂದು. ಚೌಡಯ್ಯ ದೋಣಿಯನ್ನೇ ನಂಬಿದ. ಮೂರರಲ್ಲಿ ಅದೇ ದೊಡ್ಡದು. ದೋಣಿಯ ಹುಟ್ಟು ಗಾಡಿಯ ಬಾಡಿಯಲ್ಲಿ ತೆಪ್ಪಗೆ ಮಲಗಿತ್ತು, ಒಳಗೆ ಇನ್ನೊಂದು ಹುಟ್ಟಿನ ವಿಚಾರಣೆ ನಡೆದಿತ್ತು.

ಹೇಮಶ್ರೀ ತಟ್ಟೆ ತಂದಿಟ್ಟಳು. ಉಪ್ಪಿಟ್ಟು, ಕೇಸರಿಬಾತು. ತೆಳ್ಳಗೆ, ಎತ್ತರಕ್ಕಿದ್ದಳು. ಸೀರೆಯ ನೆರಿಗೆ ಗೀಟು ಹಾಕಿದಂತಿತ್ತು. ತಲೆ ತಗ್ಗಿಸಿ ಕೂರುವ ವಯಸ್ಸು ದಾಟಿದ್ದರಿಂದಲೋ ಏನೋ, ನೇರ ಬಾಗಿಲಿಗೆ ಹೋಗಿ ಹೊರಗಿನ ದೋಣಿ ನೋಡಿದಳು. ಯೋಗರಾಜ ಹಗ್ಗ ನೋಡುವ ನೆವದಲ್ಲಿ ಎದ್ದು ಹೋದ.

"ಮಗುಚಿ ಹಾಕಿದ್ದು ಯಾಕೆ?" ಎಂದಳು.

"ನೆಟ್ಟಗಿಟ್ರೆ ಗಾಳಿ ಹಿಡಿಯುತ್ತೆ. ಮಳೆ ಬಂದ್ರೆ ನೀರು ತುಂಬುತ್ತೆ."

"ನೀರಲ್ಲಿರೋದಕ್ಕೂ ನೀರು ಬೇಡ್ವಾ?"

"ದಾರೀಲಿ ಬೇಡ" ಎಂದ ಯೋಗರಾಜ. ಅವಳ ತುಟಿಯ ಒಂದು ಕೊನೆ ಮಾತ್ರ ನಕ್ಕಿತು. ಅವನಿಗೆ ಅದು ಸಾಕಾಯಿತು.

ಅವಳು ಗಾಡಿಯ ಕಿಟಕಿಯಲ್ಲಿ ಬಗ್ಗಿ ನೋಡಿದಳು. "ಹಿಂದಿನ ಸೀಟು ಹೊಸದಾ?"

ಆರು ವರ್ಷದ ಗಾಡಿಯ ಮುಂದೆ ನಿಂತು ಯೋಗರಾಜ, "ಹ್ಞೂಂ, ಹೊಸದೇ. ಯಾರೂ ಕೂತಿಲ್ಲ" ಎಂದ. ಅವಳ ಕಣ್ಣು ಕವರಿನ ಮೇಲಿನ, ಬಣ್ಣ ಮಾಸಿದ ಕುಂಕುಮದ ಬೊಟ್ಟಿನ ಮೇಲೆ ನಿಂತಿತು. ಒಳಗೆ ಹೋದಳು.

ಹಿಂದೆಯೇ ಚೌಡಯ್ಯ ಹೊರಗೆ ಬಂದ. ಬೀಡಿ ಹಚ್ಚಿ, ತಗ್ಗಿದ ದನಿಯಲ್ಲಿ, "ತಪ್ಪು ತಿಳೀಬೇಡಪ್ಪ. ನೇರ ಕೇಳ್ತೀನಿ. ಈ ಮಾವ ನಿಮ್ಮ ಸ್ವಂತ ಮಾವಾನೇ ತಾನೇ? ಅಥವಾ ಹಿಂಗೇ ಯಾರನ್ನಾದ್ರೂ..." ಎಂದು ನಿಲ್ಲಿಸಿದ.

ಬಾಗಿಲು ತೆರೆದೇ ಇತ್ತು. ಅಲ್ಲ ಎನ್ನುವ ಒಂದು ಮಾತು ಸಾಕಿತ್ತು. ದೋಣಿ ಬಾಡಿಗೆಯ ಲೋಡು, ಇವರು ಬಾಡಿಗೆ ಕೊಟ್ಟವರು, ನಾನು ಬ್ರೋಕರು ಹೇಳಿದ ಪೈಕಿಯವನೇ ಎಂದುಬಿಟ್ಟರೆ, ನಾಲ್ಕು ಮಾತು ಬೈಸಿಕೊಂಡರೂ ಸಂಬಂಧ ಉಳಿಯುವ ಸಾಧ್ಯತೆಯಿತ್ತು. ಆದರೆ ಚೌಡಯ್ಯ ಒಳಗೆ ಹೋಗಿ ಅದನ್ನು ಉಜ್ಜನಪ್ಪನವರ ಮುಂದೆಯೇ ಕೇಳುತ್ತಾನೆ. ಯೋಗರಾಜ ಬಾಗಿಲಲ್ಲಿ ನೋಡಿದ. ಉಜ್ಜನಪ್ಪನವರು ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಕರಿಬಸಮ್ಮ, ಮನಸ್ಸಿನಲ್ಲೇನಿದ್ದರೂ ಬಂದವರಿಗೆ ಬಡಿಸುವ ಕೈ ಬಿಡದವಳು, "ಬೀಗರೇ, ಇನ್ನೊಂದು ಸ್ವಲ್ಪ" ಎನ್ನುತ್ತಿದ್ದಳು. ಅವರು ತಟ್ಟೆಗೆ ಅಡ್ಡ ಹಿಡಿದ ಕೈಯನ್ನು ತಾವೇ ಮೆಲ್ಲಗೆ ಸರಿಸಿಕೊಂಡು, ಕೇಸರಿಬಾತು ಬೀಳುವುದನ್ನು ಮಗುವಿನಂತೆ ನೋಡುತ್ತಿದ್ದರು. "ನಮ್ಮನೇಲಿ ಅವಳಿದ್ದಾಗ ಹಿಂಗೇ ಬಡಿಸ್ತಿದ್ಲು ಕಣಮ್ಮ. ಬೇಡ ಅಂದ್ರೂ ಬಿಡ್ತಿರ್ಲಿಲ್ಲ" ಎನ್ನುತ್ತಿದ್ದರು.

ಒಂಟಿಯಾಗಿ ಉಣ್ಣುವವನಿಗೆ ಇನ್ನೊಂದು ಸ್ವಲ್ಪ ಎಂಬ ಮಾತು ಹೇಗೆ ಕೇಳಿಸುತ್ತದೆ ಎಂದು ಯೋಗರಾಜನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ನಮ್ಮ ಮಾವಾನೇ. ಸ್ವಂತ" ಎಂದ.

ಚೌಡಯ್ಯ ಬೀಡಿಯನ್ನು ಅರ್ಧಕ್ಕೇ ಆರಿಸಿದ. "ಸರಿ ಹಂಗಾದ್ರೆ. ಹೇಳಿ ಕಳಿಸ್ತೀವಿ."

ಹೊಳೆಯ ದಂಡೆಗೆ ಹೋಗುವ ದಾರಿಯಲ್ಲಿ ಉಜ್ಜನಪ್ಪನವರ ಬಾಯಿಗೆ ಬಿಡುವಿರಲಿಲ್ಲ. "ಒಳ್ಳೇ ಜನ ಕಣೋ. ಹುಡುಗಿ ಗಟ್ಟಿ ಇದಾಳೆ. ನಾನು ಎಲ್ಲೂ ಎಡವಲಿಲ್ಲ ತಾನೇ?"

"ಇಲ್ಲ ಸಾರ್."

"ಮಾವ ಅನ್ನೋ."

"ಇಲ್ಲ ಮಾವ. ಎಲ್ಲಾ ನಿಜಾನೇ ಹೇಳಿದ್ರಿ."

ರಾಮಚಂದ್ರಪ್ಪ ಕಣ್ಣಿಗೆ ಕೈ ಅಡ್ಡ ಹಿಡಿದು ಹೊಳೆಯ ದಂಡೆಯಲ್ಲೇ ಕಾಯುತ್ತಿದ್ದ. ತನ್ನಷ್ಟೇ ಮುದಿಯಾದ ದೋಣಿಯನ್ನು ನೋಡಿ ಅದರ ಬೆನ್ನು ತಟ್ಟಿದ. ಮೂವರೂ ಸೇರಿ ಇಳಿಸಿ, ನೆಟ್ಟಗೆ ಮಾಡಿ, ನೀರಿಗೆ ನೂಕಿದರು. ಒಣಗಿದ ಮರ ಮೊದಲು ಸ್ವಲ್ಪ ನೀರು ಕುಡಿಯಿತು, ರಾಮಚಂದ್ರಪ್ಪ ಡಬ್ಬದಲ್ಲಿ ಎತ್ತಿ ಹಾಕಿದ, ಆಮೇಲೆ ತೇಲಿತು. ಇಬ್ಬರು ಮುದುಕರೂ ಹತ್ತಿ ಕೂತರು. ರಾಮಚಂದ್ರಪ್ಪ ಹುಟ್ಟು ಹಾಕುವಾಗ ಉಜ್ಜನಪ್ಪನವರು, "ಅಲ್ಲಿ ಬಂಡೆ ಐತೆ ಕಣೋ, ಎಡಕ್ಕೆ!" ಎಂದು ಗದರಿದರು. "ಅದು ತುಂಗೇಲಿ ಗೌಡ್ರೆ. ಇದು ಭದ್ರೆ" ಎಂದ ಅವನು. ನಗು ನೀರಿನ ಮೇಲೆ ದಡದವರೆಗೆ ಬಂತು.

"ಬಾರೋ ಯೋಗರಾಜ, ಇನ್ನೊಬ್ಬನಿಗೆ ಜಾಗ ಇದೆ" ಎಂದು ಕೂಗಿದರು.

"ಗಾಡಿ ನೋಡ್ಕೋಬೇಕು" ಎಂದ ಯೋಗರಾಜ. ಆ ದಂಡೆಯಲ್ಲಿ ಗಾಡಿಯ ಹತ್ತಿರ ಎರಡು ಎಮ್ಮೆಗಳ ಹೊರತು ಯಾರೂ ಇರಲಿಲ್ಲ. ಅವೂ ಗಾಡಿ ಕದಿಯುವಂಥವಲ್ಲ.

ಉಜ್ಜನಪ್ಪನವರು ನಾಲ್ಕು ದಿನ ಅಲ್ಲೇ ಇರುತ್ತೇನೆಂದರು. ಯೋಗರಾಜ ಒಬ್ಬನೇ ವಾಪಸು ಹೊರಟ. ಬಂಪರಿಗೆ ಸಿಕ್ಕಿಕೊಂಡಿದ್ದ ಚೆಂಡುಹೂವಿನ ಹಾರ ಗಾಳಿಗೆ ಒಂದೊಂದೇ ಹೂ ಉದುರಿಸುತ್ತಿತ್ತು. ಟೋಪಿ ತೆಗೆದ ಗಾಜಿನಲ್ಲಿ ಆಕಾಶ ಬೇಕಾದ್ದಕ್ಕಿಂತ ಜಾಸ್ತಿ ಕಾಣುತ್ತಿತ್ತು. ಹಿಂದಿನ ಸೀಟಿನ ಕಡಲೆಕಾಯಿ ಸದ್ದು ಮಾತ್ರ ನಿಂತಿರಲಿಲ್ಲ.

ಶ್ರಾವಣ ಮುಗಿಯುತ್ತಾ ಬಂದಾಗ ಒಂದು ಮಧ್ಯಾಹ್ನ ದುರ್ಗಮ್ಮ ಬೂತಿನಿಂದ ಕೂಗಿದಳು. "ಯೋಗಣ್ಣ! ನಿಂಗೇ ಫೋನು. ಹೆಂಗಸಿನ ದನಿ ಮಾರಾಯ!" ಸ್ಟ್ಯಾಂಡಿಗೆ ಸ್ಟ್ಯಾಂಡೇ ಕಿವಿಯಾಯಿತು.

"ನಾನು ಹೇಮಶ್ರೀ" ಎಂದಿತು ಫೋನು.

ಯೋಗರಾಜ ಬೂತಿನ ಬಾಗಿಲು ಎಳೆದುಕೊಂಡ. ಅದು ಪೂರ್ತಿ ಮುಚ್ಚುತ್ತಿರಲಿಲ್ಲ.

"ಚಿಕ್ಕಪ್ಪ ಅವತ್ತೇ ಬೇಡ ಅಂದ್ರು. ದೋಣಿ ನೋಡಿ" ಎಂದಳು. "ಹೇಳಿ ಕಳಿಸ್ತೀವಿ ಅಂದಿದ್ರಲ್ಲ, ಯಾರೂ ಕಳಿಸಲ್ಲ ಅಂತ ನಂಗೆ ಗೊತ್ತು. ನಾನೂ ಎಷ್ಟೋ ಮನೆಯವರದ್ದು ಕಾದಿದೀನಿ. ಅಂಗಡೀಲಿ ದಿನಾ ಅದೇ. ಬಿಚ್ಚಿ ಬಿಚ್ಚಿ ತೋರಿಸ್ತೀನಿ, ಎಲ್ಲಾ ಚೆನ್ನಾಗಿದೆ, ಆಮೇಲೆ ಬರ್ತೀವಿ ಅಂತಾರೆ. ಮಡಚೋದು ನಾನು. ಅದಕ್ಕೇ ಫೋನ್ ಮಾಡ್ದೆ. ಬೇಡ ಅಂತ ಒಬ್ಬರಾದ್ರೂ ಹೇಳಿ ಕಳಿಸಿದ್ರು ಅಂತ ನಿಮಗಿರ್ಲಿ."

"ಒಳ್ಳೇದಾಯ್ತು" ಎಂದ ಯೋಗರಾಜ.

"ಅವರು ನಿಮ್ಮ ಮಾವ ಅಲ್ಲ ಅಲ್ವಾ? ಚಿಕ್ಕಮ್ಮ ನೀರು ಕೊಡೋವಾಗ ತೊಗೊಳ್ಳಿ ಸಾರ್ ಅಂದ್ರಿ ನೀವು, ಒಳಗೆ ಕೇಳಿಸ್ತು."

"...ಅಲ್ಲ."

"ಚಿಕ್ಕಪ್ಪ ಕೇಳಿದಾಗ ಯಾಕೆ ಹೇಳ್ಲಿಲ್ಲ?"

ಯೋಗರಾಜ ತಂತಿಯನ್ನು ಬೆರಳಿಗೆ ಸುತ್ತಿಕೊಂಡ. "ಅವರು ಊಟ ಮಾಡ್ತಿದ್ರು" ಎಂದ.

"ಅನ್ಕೊಂಡೆ" ಎಂದಳು. "ನಾನಾದ್ರೂ ಹೇಳಬಹುದಿತ್ತು. ಹೇಳಿದ್ರೆ, ಬಾಡಿಗೆ ಮಾವನ್ನ ಕರ್ಕೊಂಡು ಬಂದೋನು ಅಂತ ಅದಕ್ಕೂ ಬೇಡ ಅಂತಿದ್ರು. ಈಗ ತರೀಕೆರೆ ಕಡೆ ಒಂದು ಸಂಬಂಧ ನೋಡಿದಾರೆ. ಎರಡನೇ ಮದ್ವೆ. ಒಪ್ಕೊಂಡಿದೀನಿ." ಮತ್ತೆ ತಡೆದು, "ಆ ಸೀಟಿನ ಕವರ್ ತೆಗೆದುಬಿಡಿ. ಮಡಚಿಟ್ಟ ಸೀರೆ ಮಡಿಕೇಲೇ ಹರಿಯುತ್ತೆ. ಅಂಗಡೀಲಿ ಎಷ್ಟೋ ನೋಡಿದೀನಿ" ಎಂದಳು. ಫೋನ್ ಇಟ್ಟಳು.

"ಏನಂತೆ?" ಎಂದಳು ದುರ್ಗಮ್ಮ.

"ಬಾಡಿಗೆ ವಿಷ್ಯ" ಎಂದ ಯೋಗರಾಜ.

ಆ ಭಾನುವಾರ ಸಂಜೆ ಜಿಟಿಜಿಟಿ ಮಳೆ. ಸ್ಟ್ಯಾಂಡಿನಲ್ಲಿ ಅವನ ಗಾಡಿಯೊಂದೇ ಇತ್ತು. ಛತ್ರಿಯಿಲ್ಲದೆ ತಲೆಗೆ ಟವೆಲ್ ಹಾಕಿಕೊಂಡು ಉಜ್ಜನಪ್ಪನವರು ಬಂದರು. ಭದ್ರಾವತಿಯಿಂದ ಬಂದ ಮೇಲೆ ಅವರು ಪ್ರತಿ ಭಾನುವಾರ ಬರುತ್ತಿದ್ದರು. ಕೇಳುತ್ತಿದ್ದದ್ದು ಒಂದೇ ಪ್ರಶ್ನೆ.

ಮುಂದಿನ ಸೀಟಿನ ತುಂಬ ಹಗ್ಗ, ಜಾಕು, ಟಾರ್ಪಾಲು ಹರಡಿತ್ತು. ಯೋಗರಾಜ ಹಿಂದಿನ ಬಾಗಿಲು ತೆಗೆದು, ಸೀಟಿನ ಕೂರುವ ಕಡೆಯ ಪ್ಲಾಸ್ಟಿಕ್ಕನ್ನು ಎರಡೂ ಕೈಯಲ್ಲಿ ಹಿಡಿದು ಎಳೆದ. ಬಿಸಿಲಿಗೆ ಒಣಗಿ ಒಣಗಿ ಹಪ್ಪಳದಂತಾಗಿದ್ದ ಅದು ತುಂಡುತುಂಡಾಗಿ ಬಂತು. ಬೆನ್ನಿನ ಕಡೆಯದನ್ನು, ಅವ್ವನ ಬೊಟ್ಟಿದ್ದ ಜಾಗವನ್ನು ಮಾತ್ರ, ಹಾಗೇ ಬಿಟ್ಟ.

"ಹತ್ತಿ ಮಾವ, ನೆನೀತೀರ."

ಉಜ್ಜನಪ್ಪನವರು ಹತ್ತಿ ಕೂತರು. ಒದ್ದೆ ಪಂಚೆಯಿಂದ ಹೊಸ ಸೀಟಿನ ಮೇಲೆ ನೀರು ಹರಡಿತು. "ಸೀಟು ಹಾಳಾಗುತ್ತೋ" ಎಂದರು.

"ಆಗ್ಲಿ."

ಯೋಗರಾಜ ಮುಂದೆ ಬಂದು ಜಾಕು ಸರಿಸಿ ತನ್ನ ಜಾಗದಲ್ಲಿ ಕೂತ. ಇಬ್ಬರೂ ಒಂದೇ ಗಾಜಿನಲ್ಲಿ ಮಳೆ ನೋಡಿದರು. ಹಿಂದಿನಿಂದ ಕಡಲೆಕಾಯಿ ಸುಲಿಯುವ ಸದ್ದಿರಲಿಲ್ಲ. ಮುದುಕರ ಉಸಿರಾಟವಿತ್ತು.

"ಹೇಳಿ ಕಳಿಸಿದ್ರೇನೋ ಬೀಗರು?" ಎಂದರು ಉಜ್ಜನಪ್ಪನವರು.

ಯೋಗರಾಜ ವೈಪರ್ ಒಂದು ಸಲ ಆಡಿಸಿ ನಿಲ್ಲಿಸಿದ.

"ಇನ್ನೂ ಇಲ್ಲ ಮಾವ."

"ಕಳಿಸ್ತಾರೆ ಬಿಡು. ಶ್ರಾವಣ ಅಲ್ವಾ, ಮನೇಲಿ ಕೆಲ್ಸ ಇರುತ್ತೆ" ಎಂದು ಉಜ್ಜನಪ್ಪನವರು ಟವೆಲ್ ಹಿಂಡಿದರು. "ಮುಂದಿನ ವಾರ ಬಂದು ಕೇಳ್ತೀನಿ."

"ಬನ್ನಿ" ಎಂದ ಯೋಗರಾಜ.